ನೇರಪ್ರಸಾರವೆಂಬ ಮಾತು

2023ನೆಯ ಇಸವಿಯ ಆಗಸ್ಟ್ 23ರ ಸಂಜೆ, ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಸಮೀಪಕ್ಕೆ ಇಳಿಯುತ್ತಿದ್ದ ಹೊತ್ತಿನಲ್ಲಿ, ಬೆಂಗಳೂರಿನ ನಮ್ಮ ಮನೆಯ ಹಜಾರದಲ್ಲಿ ಐದಾರು ಮಂದಿ ಅಂಗೈಯಗಲದ ಒಂದು ಮೊಬೈಲ್ ಪರದೆಯ ಸುತ್ತ ತಲೆಗೆ ತಲೆ ತಾಗಿಸಿಕೊಂಡು ಕುಳಿತಿದ್ದೆವು. ಪೀಣ್ಯದ ಇಸ್ಟ್ರ್ಯಾಕ್ ಎಂಬ ನಿಯಂತ್ರಣ ಕೇಂದ್ರದಲ್ಲಿ ವಿಜ್ಞಾನಿಗಳು ನೋಡುತ್ತಿದ್ದುದನ್ನು ಇಸ್ರೋ ಸಂಸ್ಥೆಯು ಯೂಟ್ಯೂಬಿನ ಮೂಲಕ ಜಗತ್ತಿಗೆಲ್ಲ ತೋರಿಸುತ್ತಿತ್ತು. ಒಂದೇ ಕ್ಷಣದಲ್ಲಿ 80 ಲಕ್ಷಕ್ಕೂ ಮೇಲ್ಪಟ್ಟ ಮಂದಿ ಅದನ್ನು ನೋಡುತ್ತಿದ್ದರೆಂಬುದು ಆಮೇಲೆ ತಿಳಿದ ಸಂಗತಿ. ಆರು ಗಂಟೆ ದಾಟಿ ನಾಲ್ಕು ನಿಮಿಷವಾಗಿರಬಹುದು. ನಮ್ಮ ಪರದೆಯ ಮೇಲೆ ಲ್ಯಾಂಡರು ಇನ್ನೂ ನೆಲ ಮುಟ್ಟದೆ ತೂಗುತ್ತಿದ್ದಾಗಲೇ ಪಕ್ಕದ ಮನೆಯ ಗೋಡೆಯಾಚೆಯಿಂದ ಚಪ್ಪಾಳೆ, ಶಿಳ್ಳು, ಯಾರೋ ಹುಡುಗನ ಕೇಕೆ, ಎಲ್ಲವೂ ಒಟ್ಟಿಗೆ ಕೇಳಿಬಂದವು. ಅವರ ಮನೆಯಲ್ಲಿ ಟೀವಿ, ನಮ್ಮಲ್ಲಿ ಮೊಬೈಲು. ನಾವು ಉಸಿರು ಬಿಗಿಹಿಡಿದು ಕಾಯುತ್ತಿದ್ದ ಘಟನೆ ಮುಗಿದುಹೋಗಿತ್ತು. ನಮಗೆ ಮಾತ್ರ ಇನ್ನೂ ಆಗಬೇಕಾಗಿತ್ತು. ನಮ್ಮ ಅತ್ತಿಗೆಯವರು ಗೋಡೆಯ ಕಡೆ ಒಮ್ಮೆ, ಪರದೆಯ ಕಡೆ ಒಮ್ಮೆ ನೋಡಿ, "ಅವರ ಮನೆ ಚಂದ್ರ ನಮ್ಮ ಮನೆ ಚಂದ್ರನಿಗಿಂತ ಮುಂದಿದ್ದಾನೆ ಅಂತ ಕಾಣತ್ತೆ" ಎಂದರು.

ಆ ಮಾತಿಗೆ ನಾವೆಲ್ಲರೂ ನಕ್ಕೆವಾದರೂ ಅದರೊಳಗೆ ಒಂದು ಲೆಕ್ಕ ಅಡಗಿತ್ತು. ಚಂದ್ರನು ನಮ್ಮಿಂದ ಸರಾಸರಿ 3 ಲಕ್ಷದ 84 ಸಾವಿರ ಕಿಲೋಮೀಟರ್ ದೂರದಲ್ಲಿದ್ದಾನೆ. ರೇಡಿಯೋ ಸಂಕೇತವು ಬೆಳಕಿನ ವೇಗದಲ್ಲಿ ಸಂಚರಿಸುವುದರಿಂದ ಅಲ್ಲಿಂದ ಭೂಮಿಯ ಆಂಟೆನಾಕ್ಕೆ ಬರಲು ಅದಕ್ಕೆ ಬೇಕಾಗುವ ಕಾಲ 1.3 ಸೆಕೆಂಡು ಮಾತ್ರ. ಪೀಣ್ಯದಿಂದ ನಮ್ಮ ಮನೆಗೆ ಇರುವ ದೂರವು ಹದಿನೈದು ಕಿಲೋಮೀಟರನ್ನು ಮೀರಲಾರದು. ಚಂದ್ರನಿಂದ ಪೀಣ್ಯಕ್ಕೆ ಸುಮಾರು ಒಂದೂಕಾಲು ಸೆಕೆಂಡಿನಲ್ಲಿ ಬಂದ ಸುದ್ದಿಯು ಪೀಣ್ಯದಿಂದ ನಮ್ಮ ಹಜಾರಕ್ಕೆ ಬರುವುದರೊಳಗೆ ಪಕ್ಕದ ಮನೆಯವರು ಕೇಕೆ ಹಾಕಿ ಮುಗಿಸಿ ಮೌನವಾಗಿದ್ದರು. ಹೀಗಿರುವಾಗಲೂ ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆಯೊಂದರ ಪಕ್ಕದಲ್ಲಿ "ಲೈವ್" ಎಂಬ ಅಕ್ಷರಗಳು ನಿಶ್ಚಿಂತೆಯಿಂದ ಹೊಳೆಯುತ್ತಿದ್ದುವು. ಮರುದಿನದ ಪತ್ರಿಕೆಗಳೂ ಅದನ್ನು ನೇರಪ್ರಸಾರವೆಂದೇ ಕರೆದುವು. ಈ ಮಾತನ್ನು ಬಿಡಿಸಿ ನೋಡಬೇಕೆಂಬ ಆಸೆ ನನಗೆ ಹುಟ್ಟಿದ್ದು ಅಂದಿನಿಂದ. ಬಿಡಿಸಿ ನೋಡಿದಾಗ ತೋರಿದ ವಿಚಿತ್ರವೇನೆಂದರೆ, ಅಂತರ್ಜಾಲದ ನೇರಪ್ರಸಾರವೆಂಬುದು ನೇರವೂ ಅಲ್ಲ, ಪ್ರಸಾರವೂ ಅಲ್ಲ.

ಮೊದಲು ಪ್ರಸಾರದ ವಿಚಾರ. ಇಂಗ್ಲಿಷಿನವರ "ಬ್ರಾಡ್‌ಕಾಸ್ಟ್" ಎಂಬ ಶಬ್ದವು ಹುಟ್ಟಿದ್ದು ರೇಡಿಯೋ ನಿಲಯದಲ್ಲಲ್ಲ, ಹೊಲದಲ್ಲಿ. ಬೀಜವನ್ನು ಸಾಲು ಹಿಡಿದು ಊರದೆ, ಕೈತುಂಬ ತೆಗೆದುಕೊಂಡು ಅಗಲವಾಗಿ ಎರಚುವ ಬಿತ್ತನೆಗೆ ಅಲ್ಲಿನ ಒಕ್ಕಲಿಗರು ಆ ಹೆಸರನ್ನು ಕೊಟ್ಟಿದ್ದರು. ನಮ್ಮ ಕಡೆ ರಾಗಿಯನ್ನು ಚೆಲ್ಲುವುದೆನ್ನುತ್ತಾರಲ್ಲ, ಅದೇ ಇದು. ಕೂರಿಗೆಯಲ್ಲಿ ಬಿತ್ತಿದರೆ ಬೇರೆ, ಪೈರು ಕಿತ್ತು ನಾಟಿ ಹಾಕಿದರೆ ಬೇರೆ. ಚೆಲ್ಲುವವನು ಯಾವ ಕಾಳು ಯಾವ ಹೆಂಟೆಯ ಸಂದಿಗೆ ಬಿತ್ತೆಂದು ವಿಚಾರಿಸುವುದಿಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ರೇಡಿಯೋ ತರಂಗಗಳನ್ನು ದಿಕ್ಕುದಿಕ್ಕಿಗೆ ಹಬ್ಬಿಸಿ, ಕೇಳುವವರು ಯಾರೆಂದು ವಿಚಾರಿಸದೆ ಬಿಡುವ ವಿದ್ಯೆಯು ಬಂದಾಗ, ಆ ಹೊಲದ ಮಾತನ್ನೇ ಅದಕ್ಕೆ ಹೊದಿಸಿದರು. ನಮ್ಮಲ್ಲಿ ಇದಕ್ಕೆ ಸಮನಾಗಿ "ಬಿತ್ತರಿಸು" ಎಂಬ ಮಾತು ಬಳಕೆಗೆ ಬಂತು. ಇದನ್ನು "ಬಿತ್ತು" ಎಂಬುದರಿಂದ ಬಂದ ಮಾತೆಂದೂ, ಬ್ರಾಡ್‌ಕಾಸ್ಟ್ ಎಂಬುದಕ್ಕೆ ಪದಶಃ ಸಲ್ಲುವ ಅನುವಾದವೆಂದೂ ಅನೇಕರು ನಂಬಿರುವುದುಂಟು. ವಾಸ್ತವದಲ್ಲಿ "ಬಿತ್ತರ"ವು ಸಂಸ್ಕೃತದ "ವಿಸ್ತರ"ದ ತದ್ಭವ. "ಬಿತ್ತು" ಅಚ್ಚ ದ್ರಾವಿಡ ಧಾತು, ತಮಿಳಿನಲ್ಲಿಯೂ "ವಿತ್ತು" ಎಂದೇ ಉಂಟು. ಎರಡು ಬೇರೆ ಬೇರೆ ಬೇರುಗಳ ಗಿಡಗಳು ಮೇಲೆ ಬಂದು ಒಂದನ್ನೊಂದು ತಬ್ಬಿಕೊಂಡಿವೆ. ಶಬ್ದಶಾಸ್ತ್ರದಲ್ಲಿ ಇಂಥ ಆಕಸ್ಮಿಕಗಳು ವಿರಳವಲ್ಲವಾದರೂ, ಅರ್ಥವು ಇಷ್ಟು ಹಿತವಾಗಿ ಕೂಡಿಕೊಳ್ಳುವುದು ವಿರಳವೇ.

"ಪ್ರಸಾರ"ದ ಕಥೆ ಇನ್ನೂ ಸ್ವಾರಸ್ಯವಾದುದು. ಅದರ ಧಾತು "ಸೃ", ಎಂದರೆ ಹರಿ, ಸರಿ, ಚಲಿಸು; ನದಿಗೆ "ಸರಿತ್" ಎಂಬ ಹೆಸರು ಬಂದದ್ದು ಇದೇ ಧಾತುವಿನಿಂದ. ಅಂತರ್ಜಾಲದವರು ಈಚೆಗೆ ಬಳಕೆಗೆ ತಂದ "ಸ್ಟ್ರೀಮ್" ಎಂಬುದಾದರೂ ಹೊಳೆಯ ಹೆಸರೇ, ಮತ್ತು ಅದು ಸಂಸ್ಕೃತದ "ಸ್ರು" ಧಾತುವಿಗೂ "ಸ್ರೋತಸ್" ಎಂಬ ಶಬ್ದಕ್ಕೂ ದೂರದ ದಾಯಾದಿ. ಆದುದರಿಂದ "ಸ್ಟ್ರೀಮಿಂಗ್" ಎಂಬ ಪರದೇಶದ ಮಾತಿಗೆ ಕನ್ನಡದಲ್ಲಿ ಸಮಾನಪದವಿಲ್ಲವೆಂದು ಹಲುಬುವವರು, ತಾವು ದಿನವೂ ಆಡುವ "ಪ್ರಸಾರ"ದ ಹೊಟ್ಟೆಯೊಳಗೆ ಹರಿಯುವ ನೀರಿದೆಯೆಂಬುದನ್ನು ಮರೆತಿದ್ದಾರೆ. ("ಅಂತರ್ಜಾಲ"ದ ಒಂದು ದೀರ್ಘವನ್ನು ಕೈತಪ್ಪಿ ಬಿಟ್ಟರೆ "ಅಂತರ್ಜಲ"ವಾಗಿ ಬಾವಿಯ ನೀರೇ ಬಂದುಬಿಡುತ್ತದೆ, ಅಚ್ಚಿನ ಮನೆಯ ಕರಡುಗಳಲ್ಲಿ ಇದನ್ನು ನಾನು ಎಷ್ಟೋ ಸಲ ತಿದ್ದಿದ್ದೇನೆ.)

ಮಾತನ್ನು ಬಿಟ್ಟು ಕೆಲಸಕ್ಕೆ ಬಂದರೆ, ಪ್ರಸಾರದ ರೀತಿಗೆ ನಮ್ಮಲ್ಲಿಯೇ ಒಂದು ನಿದರ್ಶನವುಂಟು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಸ್ವಂತ ಮನೆಯಾದ ವಿಠ್ಠಲ ವಿಹಾರದಲ್ಲಿ ಒಂದು ಪುಟ್ಟ ರೇಡಿಯೋ ನಿಲಯವನ್ನು ನಡೆಸತೊಡಗಿದರು. ಅದಕ್ಕೆ ಇಟ್ಟ "ಆಕಾಶವಾಣಿ" ಎಂಬ ಹೆಸರನ್ನು ನಾ. ಕಸ್ತೂರಿಯವರು ಸೂಚಿಸಿದರೆಂದು ಹೇಳುತ್ತಾರೆ. ಸ್ವಾತಂತ್ರ್ಯಾನಂತರ ಅದೇ ಹೆಸರು ಇಡೀ ದೇಶದ ರೇಡಿಯೋಕ್ಕೆ ಸಂದಿತು. ಆ ಪುಟ್ಟ ಪ್ರೇಷಕವನ್ನು ಇಲ್ಲಿ ನೆನೆಯುವುದಕ್ಕೆ ಹೆಸರಿನ ಹೆಮ್ಮೆಯೊಂದೇ ಕಾರಣವಲ್ಲ. ಮೈಸೂರಿನಲ್ಲಿ ಅಂದು ಹತ್ತು ರೇಡಿಯೋಗಳಿದ್ದರೂ ಸಾವಿರ ರೇಡಿಯೋಗಳಿದ್ದರೂ ಗೋಪಾಲಸ್ವಾಮಿಯವರ ವಿದ್ಯುತ್ತಿನ ಖರ್ಚು ಒಂದು ಕಾಸಿನಷ್ಟೂ ಹೆಚ್ಚುತ್ತಿರಲಿಲ್ಲ. ಹೊಸದಾಗಿ ಒಬ್ಬರು ರೇಡಿಯೋ ಕೊಂಡುತಂದು ಕಿವಿಗೊಟ್ಟರೆ ಅದು ನಿಲಯಕ್ಕೆ ತಿಳಿಯುವಂತೆಯೂ ಇರಲಿಲ್ಲ. ಪ್ರಸಾರವೆಂಬುದರ ಜೀವಾಳ ಇದು: ಕೊಡುವವನಿಗೆ ಪಡೆಯುವವರ ಲೆಕ್ಕವಿಲ್ಲ.

ಅಂತರ್ಜಾಲದಲ್ಲಿ ಆಗುವುದು ಇದಕ್ಕೆ ತೀರ ವಿರುದ್ಧ. ಅಲ್ಲಿ ಎಲ್ಲವೂ ಪೊಟ್ಟಣಗಳಾಗಿ ಸಾಗುತ್ತವೆ, ಮತ್ತು ಪ್ರತಿಯೊಂದು ಪೊಟ್ಟಣದ ಮೇಲೂ ಒಬ್ಬನೇ ಒಬ್ಬನ ವಿಳಾಸವಿರುತ್ತದೆ. ಒಂದು ದೃಶ್ಯವನ್ನು ಹತ್ತು ಮಂದಿ ನೋಡಿದರೆ ಹತ್ತು ಕಂತೆಗಳು ಹೊರಡಬೇಕು. 80 ಲಕ್ಷ ಮಂದಿ ನೋಡಿದರೆ 80 ಲಕ್ಷ ಕಂತೆಗಳು. ಒಬ್ಬೊಬ್ಬರಿಗೆ ಸೆಕೆಂಡಿಗೆ 25 ಲಕ್ಷ ಬಿಟ್‌ಗಳೆಂದು ಇಟ್ಟುಕೊಂಡರೂ ಒಟ್ಟು ಮೊತ್ತವು ಸೆಕೆಂಡಿಗೆ 20 ಲಕ್ಷ ಕೋಟಿ ಬಿಟ್‌ಗಳಾಗುತ್ತದೆ. ಚೆಲ್ಲುವುದೆಲ್ಲಿ ಬಂತು? ಇದು ಒಂದೊಂದು ಪೈರನ್ನೂ ಬೆರಳಲ್ಲಿ ಹಿಡಿದು ನೆಲಕ್ಕೂರುವ ನಾಟಿ.

ಈ ಅನ್ಯಾಯವು ಮೊದಲಿನವರ ಕಣ್ಣಿಗೆ ಬೀಳದೆ ಇರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಸ್ಟೀವ್ ಡೀರಿಂಗ್ ಎಂಬಾತನು 1980ರ ದಶಕದಲ್ಲಿಯೇ ಒಂದು ಉಪಾಯವನ್ನು ಮುಂದಿಟ್ಟಿದ್ದನು. ಮೂಲದಿಂದ ಒಂದೇ ಪೊಟ್ಟಣವು ಹೊರಡಲಿ. ದಾರಿ ಕವಲೊಡೆಯುವ ಕಡೆ ಮಾತ್ರ ಅದರ ಪ್ರತಿಯನ್ನು ಮಾಡಿಕೊಂಡರಾಯಿತು ಎಂಬುದು ಅದರ ತಾತ್ಪರ್ಯ. ತೋಟದ ಕಾಲುವೆಯು ಪಾತಿಪಾತಿಗೆ ಕವಲಾಗುವ ಹಾಗೆ. ಇದರ ಮೇಲೆ ಕಟ್ಟಿದ ಪ್ರಾಯೋಗಿಕ ಜಾಲಕ್ಕೆ ಎಂಬೋನ್ ಎಂದು ಹೆಸರು; 1992ರ ಮಾರ್ಚಿನಲ್ಲಿ ಸ್ಯಾನ್ ಡಿಯಾಗೋದಲ್ಲಿ ಸೇರಿದ್ದ ಅಂತರ್ಜಾಲ ತಂತ್ರಜ್ಞರ ಸಭೆಯ ಮಾತುಗಳು ಅದರ ಮೂಲಕ ಇಪ್ಪತ್ತು ಕಡೆಗೆ ತಲಪಿದುವು. ಮರುವರ್ಷ ಜೂನ್ 24ರಂದು, ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದ ಅಂಗಳದಲ್ಲಿ ಕಂಪ್ಯೂಟರ್ ತಂತ್ರಜ್ಞರೇ ಕೂಡಿ ಕಟ್ಟಿಕೊಂಡಿದ್ದ ಸಿವಿಯರ್ ಟೈರ್ ಡ್ಯಾಮೇಜ್ ಎಂಬ ವಾದ್ಯಮೇಳವು ನುಡಿಸಿದ ಸಂಗೀತವನ್ನು ಸಮುದ್ರದಾಚೆ ಆಸ್ಟ್ರೇಲಿಯದಲ್ಲಿ ಕುಳಿತವರು ಆಗಿಂದಾಗಲೇ ಕೇಳಿದರು. 1994ರ ನವೆಂಬರಿನಲ್ಲಿ ಜಗತ್ಪ್ರಸಿದ್ಧರಾದ ರೋಲಿಂಗ್ ಸ್ಟೋನ್ಸ್ ತಂಡದವರು ಡಲ್ಲಾಸಿನ ತಮ್ಮ ಕಚೇರಿಯನ್ನು ಇದೇ ಜಾಲದಲ್ಲಿ ಬಿಡುವ ಏರ್ಪಾಡಾಗಿದ್ದಾಗ, ಅವರಿಗಿಂತ ಮುಂಚೆ ಅದೇ ಜಾಲದಲ್ಲಿ ಈ ತಂತ್ರಜ್ಞರ ಮೇಳವು ಕರೆಯದೆ ನುಗ್ಗಿ ತನ್ನದೊಂದಿಷ್ಟು ನುಡಿಸಿಬಿಟ್ಟಿತು. ದೊಡ್ಡ ವಿದ್ವಾಂಸರ ಕಚೇರಿಗೆ ಮುಂಚೆ ಊರ ಹುಡುಗರು ವೇದಿಕೆ ಹತ್ತಿದಂತಾಯಿತು! ಇಷ್ಟಾದರೂ ಆ ವಿಧಾನವು ಸಾರ್ವಜನಿಕ ಜಾಲದಲ್ಲಿ ಬೇರೂರಲಿಲ್ಲ. ಕವಲಿನಲ್ಲಿ ನಿಂತ ಪ್ರತಿಯೊಂದು ಯಂತ್ರವೂ ಯಾರು ಯಾರು ಕೇಳುತ್ತಿದ್ದಾರೆಂಬ ಪಟ್ಟಿಯನ್ನು ನೆನಪಿನಲ್ಲಿಡಬೇಕು. ಆ ಯಂತ್ರಗಳಾದರೋ ಬೇರೆ ಬೇರೆ ಸಂಸ್ಥೆಗಳ ಆಸ್ತಿ. ಪರರ ನೀರು ತನ್ನ ಪಾತಿಯಲ್ಲಿ ಕವಲಾಗಿ ಹರಿದುದಕ್ಕೆ ಯಾರಿಗೆ ಎಷ್ಟು ಕಂದಾಯವೆಂಬ ಪ್ರಶ್ನೆಗೆ ಒಪ್ಪಿತವಾದ ಉತ್ತರವು ದೊರೆಯಲಿಲ್ಲ.

ಇದೇ ಕಾಲದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಒಂದು ಕಾಫಿ ಪಾತ್ರೆಯು ಖ್ಯಾತಿಗೆ ಬಂದಿತು. ಟ್ರೋಜನ್ ರೂಮ್ ಎಂಬ ಕೋಣೆಯ ಹೊರಗಿದ್ದ ಆ ಪಾತ್ರೆಯಲ್ಲಿ ಕಾಫಿ ಉಳಿದಿದೆಯೇ ಇಲ್ಲವೇ ಎಂಬುದು ಕಟ್ಟಡದ ಬೇರೆ ಭಾಗಗಳಿಂದ ಅಲ್ಲಿಗೆ ಬಂದ ಮೇಲೆ ಮಾತ್ರ ತಿಳಿಯುತ್ತಿದ್ದುದರಿಂದ, 1991ರಲ್ಲಿ ಕೆಲವರು ಅದರ ಎದುರಿಗೆ ಒಂದು ಕ್ಯಾಮೆರಾವನ್ನು ನಿಲ್ಲಿಸಿದರು. 128 ಚುಕ್ಕೆ ಅಗಲ, 128 ಚುಕ್ಕೆ ಎತ್ತರದ ಬೂದು ಚಿತ್ರ. ನಿಮಿಷಕ್ಕೆ ಮೂರರಂತೆ ಅದು ಬದಲಾಗುತ್ತಿತ್ತು. ಕಾಫಿ ತುಂಬುವ ಗತಿಗೆ ಅದು ಧಾರಾಳವಾಗಿ ಸಾಕಾಗಿತ್ತು. 1993ರ ನವೆಂಬರಿನಲ್ಲಿ ಈ ಚಿತ್ರವನ್ನು ವೆಬ್ಬಿಗೆ ಏರಿಸಿದ ಮೇಲೆ, ಆ ಕಾಫಿಯ ಒಂದು ಗುಟುಕನ್ನೂ ಎಂದಿಗೂ ಕುಡಿಯಲಾರದ ದೇಶಾಂತರದ ಜನರು ಲಕ್ಷಗಟ್ಟಲೆಯಾಗಿ ಬಂದು ಅದನ್ನು ನೋಡಿಹೋದರು. 2001ರ ಆಗಸ್ಟ್ 22ರಂದು ಕ್ಯಾಮೆರಾವನ್ನು ಆರಿಸಿದರು. ಬರಿಯ "ಈಗ" ಎಂಬುದಕ್ಕೇ ಒಂದು ಆಕರ್ಷಣೆಯುಂಟೆಂದು ತೋರಿಸಿಕೊಟ್ಟ ಮೊದಲ ಗುರು ಆ ಪಾತ್ರೆಯೆಂದು ನನ್ನ ಅಭಿಪ್ರಾಯ.

"ವೆಬ್" ಎಂಬುದನ್ನು "ಬ್ರಾಡ್‌ಕಾಸ್ಟಿ"ನ ಬಾಲಕ್ಕೆ ಕಟ್ಟಿ "ವೆಬ್‌ಕಾಸ್ಟ್" ಎಂಬ ಬೆರಕೆ ಶಬ್ದವನ್ನು ಮಾಡಿಕೊಂಡದ್ದು ಈ ವರ್ಷಗಳಲ್ಲಿ. 1995ರಲ್ಲಿ ಸಿಯಾಟಲ್ ನಗರದ ರಾಬ್ ಗ್ಲೇಸರ್ ಎಂಬಾತನ ಸಂಸ್ಥೆಯು ರಿಯಲ್ ಆಡಿಯೋ ಎಂಬ ಸಾಧನವನ್ನು ಹೊರತಂದಿತು. ಆ ವರ್ಷದ ಸೆಪ್ಟೆಂಬರ್ 5ರಂದು ನಡೆದ ಬೇಸ್‌ಬಾಲ್ ಪಂದ್ಯವೊಂದರ ವೀಕ್ಷಕ ವಿವರಣೆಯು ಅದರ ಮೂಲಕ ಜಾಲದಲ್ಲಿ ಕೇಳಿಬಂತು. ಅದಕ್ಕೆ ಹಿಂದೆ ಜಾಲದಲ್ಲಿ ಒಂದು ಹಾಡನ್ನು ಕೇಳಬೇಕಾದರೆ ಕಡತವೆಲ್ಲ ಇಳಿದು ಮುಗಿಯುವವರೆಗೂ ಕಾಯಬೇಕಾಗಿತ್ತು. ಕೆರೆ ತುಂಬಿ ಕೋಡಿ ಬಿದ್ದ ಮೇಲೆಯೇ ಬೊಗಸೆ ಅದ್ದಬೇಕೆಂಬ ಕಟ್ಟಳೆ. ಹರಿಯುತ್ತಿರುವಾಗಲೇ ಕುಡಿಯಬಹುದೆಂಬುದು ಹೊಸ ಸಂಗತಿ. "ಸ್ಟ್ರೀಮ್" ಎಂಬ ಹೆಸರು ಸಾರ್ಥಕವಾದುದು ಅಲ್ಲಿ.

ಇನ್ನು "ನೇರ". ಇಂಗ್ಲಿಷಿನಲ್ಲಿ "ಲೈವ್" ಎಂದರೆ ಜೀವವುಳ್ಳದ್ದು. ರೇಡಿಯೋದ ಮೊದಲ ದಿನಗಳಲ್ಲಿ ಹಾಡುವವನು ಹಾಡಿದಂತೆ ಕೇಳುಗನಿಗೆ ಮುಟ್ಟುತ್ತಿತ್ತಾಗಿ ಈ ವಿಶೇಷಣಕ್ಕೆ ಪ್ರಸಕ್ತಿಯೇ ಇರಲಿಲ್ಲ. 1930ರ ದಶಕದಲ್ಲಿ ಮುದ್ರಿಸಿಟ್ಟ ಕಾರ್ಯಕ್ರಮಗಳು ಹೆಚ್ಚಿದ ಮೇಲೆ, ಮುದ್ರಿತವಲ್ಲದ್ದನ್ನು ಬೇರೆಯಾಗಿ ಗುರುತಿಸಲು ಅದು ಬೇಕಾಯಿತು. ಹಿಂದಿಯವರು "ಸಜೀವ್ ಪ್ರಸಾರಣ್" ಎಂದು ಜೀವವನ್ನು ಉಳಿಸಿಕೊಂಡರು, "ಸೀಧಾ ಪ್ರಸಾರಣ್" ಎಂದೂ ಅಂದರು. ಕನ್ನಡವು ಜೀವದ ಗೊಡವೆಗೆ ಹೋಗದೆ "ನೇರ" ಎಂದಿತು. ಅವರ ಪ್ರಶ್ನೆ ಇದು ಬದುಕಿದೆಯೋ ಸತ್ತಿದೆಯೋ ಎಂಬುದಾದರೆ, ನಮ್ಮ ಪ್ರಶ್ನೆ ಇದು ನೆಟ್ಟಗೆ ಬಂತೋ ಸುತ್ತಿ ಬಳಸಿ ಬಂತೋ ಎಂಬುದು. ಈ ಪ್ರಶ್ನೆಗೆ ಅಂತರ್ಜಾಲವು ಕೊಡುವ ಉತ್ತರ ನಿಸ್ಸಂದೇಹವಾಗಿ ಎರಡನೆಯದು.

ಆ ಸುತ್ತುದಾರಿಯನ್ನು ಒಮ್ಮೆ ನಡೆದು ನೋಡೋಣ. ಅಗಲದಲ್ಲಿ 1920, ಎತ್ತರದಲ್ಲಿ 1080 ಚುಕ್ಕೆಗಳಿರುವ ಚಿತ್ರವನ್ನು, ಚುಕ್ಕೆಗೆ 24 ಬಿಟ್‌ನಂತೆ, ಸೆಕೆಂಡಿಗೆ 25 ಚಿತ್ರಗಳಂತೆ ಕಳುಹಿಸಬೇಕಾದರೆ ಸೆಕೆಂಡಿಗೆ 124 ಕೋಟಿ ಬಿಟ್‌ಗಳು ಬೇಕು. ಇದನ್ನು 50 ಲಕ್ಷದ ಆಸುಪಾಸಿಗೆ, ಎಂದರೆ ಇನ್ನೂರೈವತ್ತರಲ್ಲಿ ಒಂದು ಪಾಲಿಗೆ, ಹಿಂಡಿ ಇಳಿಸುತ್ತಾರೆ. ಹಿಂಡುವ ಜಾಣ್ಮೆಯೆಲ್ಲ ಒಂದು ಸರಳವಾದ ಅವಲೋಕನದ ಮೇಲೆ ನಿಂತಿದೆ: ಒಂದು ಚಿತ್ರಕ್ಕೂ ಅದರ ಮುಂದಿನದಕ್ಕೂ ವ್ಯತ್ಯಾಸ ಅತ್ಯಲ್ಪ. ಮದುವೆ ಮಂಟಪದಲ್ಲಿ ಪುರೋಹಿತರ ಕೈ ಆಡುತ್ತದೆಯೇ ಹೊರತು ಹಿಂದಿನ ಬಾಳೆಕಂಬ ಕದಲುವುದಿಲ್ಲ. ಬಾಳೆಕಂಬವನ್ನು ಮತ್ತೆ ಮತ್ತೆ ಕಳುಹಿಸುವುದೇಕೆ? ಆಗಾಗ ಒಂದು ಪೂರ್ಣ ಚಿತ್ರ, ನಡುವೆ ಬರಿಯ ವ್ಯತ್ಯಾಸಗಳ ಟಿಪ್ಪಣಿ. ಇದರಲ್ಲಿ ಒಂದು ಕೌತುಕವುಂಟು. ಕೆಲವು ಚಿತ್ರಗಳ ಟಿಪ್ಪಣಿಯನ್ನು ಹಿಂದಿನ ಚಿತ್ರದಿಂದ ಮಾತ್ರವಲ್ಲದೆ ಮುಂದೆ ಬರಲಿರುವ ಚಿತ್ರದಿಂದಲೂ ರಚಿಸುತ್ತಾರೆ. ಮುಂದಿನದನ್ನು ನೋಡಬೇಕಾದರೆ ಯಂತ್ರವು ಅದು ಬರುವ ತನಕ ಕಾಯಲೇಬೇಕು. ವರ್ತಮಾನವನ್ನು ಬರೆಯುವುದಕ್ಕೆ ಭವಿಷ್ಯದ ನೆರವು ಪಡೆಯುವ ಈ ಪದ್ಧತಿಗೆ ವಿಳಂಬವೇ ಬೆಲೆ.

ಹಿಂಡಿದ ಪ್ರವಾಹವನ್ನು ಆಮೇಲೆ ತುಂಡು ಮಾಡುತ್ತಾರೆ. ಆಪಲ್ ಸಂಸ್ಥೆಯು 2009ರಲ್ಲಿ ಹೊರತಂದು ಇಂದು ಬಹುಮಟ್ಟಿಗೆ ಎಲ್ಲರೂ ಅನುಸರಿಸುವ ಎಚ್‌ಎಲ್‌ಎಸ್ ಎಂಬ ಪದ್ಧತಿಯಲ್ಲಿ ಒಂದು ತುಂಡಿಗೆ ಸಾಮಾನ್ಯವಾಗಿ ಆರು ಸೆಕೆಂಡು. ಇಲ್ಲಿ ಹೊಳೆಯ ಉಪಮೆಯು ಕೈಬಿಡುತ್ತದೆ. ಇದಕ್ಕೆ ಒಪ್ಪುವುದು ಬೀದಿ ನಲ್ಲಿ. ಸರ್ವರ್ ಎಂಬ ನಲ್ಲಿಯ ಬಳಿ ಆರು ಸೆಕೆಂಡಿನ ನೀರು ತುಂಬಿದ ಕೊಡಗಳು ಸಾಲಾಗಿ ಬಂದು ನಿಲ್ಲುತ್ತವೆ. ಇತ್ತೀಚಿನ ಕೊಡಗಳ ಹೆಸರುಗಳುಳ್ಳ ಪಟ್ಟಿಯೊಂದು ಪಕ್ಕದಲ್ಲಿ ತೂಗುತ್ತಿರುತ್ತದೆ. ನಿಮ್ಮ ಮೊಬೈಲು ಹೋಗಿ ಪಟ್ಟಿಯನ್ನು ಓದಿ, ಒಂದು ಕೊಡವನ್ನು ಕೇಳಿ ತಂದು, ಅದು ಬರಿದಾಗುವುದರೊಳಗೆ ಮತ್ತೆ ಹೋಗಿ ಇನ್ನೊಂದನ್ನು ಕೇಳುತ್ತದೆ. ಇಲ್ಲಿ ಬಿತ್ತುವವನು ಯಾರೂ ಇಲ್ಲ, ಇರುವವರೆಲ್ಲ ಬೇಡುವವರು. ಬೇಡುವವರ ನೂಕುನುಗ್ಗಲು ಒಂದೇ ಕಡೆ ಆಗದಿರಲೆಂದು ಊರೂರಿನಲ್ಲಿ ಕೊಡಗಳ ಪ್ರತಿಗಳನ್ನು ಇಟ್ಟುಕೊಂಡ ದಾಸ್ತಾನುಗಳಿವೆ. ಮೆಸಾಚುಸೆಟ್ಸಿನ ಎಂಐಟಿಯಿಂದ ಹೊರಬಂದ ಟಾಮ್ ಲೇಟನ್ ಮತ್ತು ಡೇನಿಯಲ್ ಲೆವಿನ್ ಎಂಬವರು 1998ರಲ್ಲಿ ಸ್ಥಾಪಿಸಿದ ಅಕಮಾಯ್ ಈ ಕಸುಬಿಗೆ ಮೊದಲಿಟ್ಟ ಸಂಸ್ಥೆಗಳಲ್ಲೊಂದು. ಡೀರಿಂಗನು ಕವಲಿನಲ್ಲಿ ಮಾಡಬೇಕೆಂದಿದ್ದ ಪ್ರತಿಗಳನ್ನು ಇವರು ದಾಸ್ತಾನಿನಲ್ಲಿ ಮಾಡಿ ಬಾಡಿಗೆ ವಸೂಲು ಮಾಡಿದರು, ಅಷ್ಟೆ.

ಜಾಲದ ವೇಗವು ಒಂದೇ ಸಮನಾಗಿರದ ಕಾರಣ, ಪಟ್ಟಿಯ ತುದಿಯ ಕೊಡವನ್ನು ಎತ್ತಿಕೊಳ್ಳದೆ, ತುದಿಯಿಂದ ಮೂರು ಕೊಡಗಳಷ್ಟಾದರೂ ಹಿಂದಿನಿಂದ ಆರಂಭಿಸಬೇಕೆಂಬುದು ಆ ಪದ್ಧತಿಯ ನಿಯಮ. ಮೂರಾರಲ ಹದಿನೆಂಟು. ಹಿಂಡುವ, ತುಂಡರಿಸುವ, ಸಾಗಿಸುವ ಕಾಲವನ್ನು ಇದಕ್ಕೆ ಕೂಡಿಸಿದರೆ ಇಪ್ಪತ್ತು ಸೆಕೆಂಡು ಮೀರುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಮನೆಯ ಚಂದ್ರನು ಹಿಂದೆ ಬಿದ್ದ ಕಾರಣ ಇದು. ಮೊಬೈಲು ಹೀಗೆ ಮುಂಗಡವಾಗಿ ತಂದಿಟ್ಟುಕೊಂಡ ಕೊಡಗಳೂ ಬರಿದಾಗಿಬಿಟ್ಟಾಗ ಪರದೆಯ ನಡುವೆ ಒಂದು ಚಕ್ರ ತಿರುಗತೊಡಗುತ್ತದೆ. ಬಲ್ಲವರು ಅದನ್ನು ಬಫರಿಂಗ್ ಎನ್ನುತ್ತಾರೆ, ನಮ್ಮ ಮನೆಯಲ್ಲಿ "ಸುತ್ತುತ್ತಾ ಇದೆ" ಎನ್ನುತ್ತಾರೆ. ಎರಡನೆಯದೇ ಹೆಚ್ಚು ಯಥಾರ್ಥವಾದ ಮಾತು.

ಬಳಕೆಯಲ್ಲಿ ಈ ಶಬ್ದಗಳು ಹಿಡಿದ ದಾರಿಗಳನ್ನು ನೋಡಿದರೆ ಇನ್ನಷ್ಟು ಬೆರಗಾಗುತ್ತದೆ. "ವೆಬ್‌ಕಾಸ್ಟ್" ಎಂಬುದನ್ನು ಮನೆಮಾತಿನಲ್ಲಿ ಯಾರೂ ಆಡರು; "ಲೈವ್ ಲಿಂಕ್ ಕಳಿಸಿ" ಎನ್ನುತ್ತಾರೆ, ಕರಾವಳಿಯವರು ಮುಂಬಯಿಯಲ್ಲಿ ಕುಳಿತು ಊರಿನ ಯಕ್ಷಗಾನದ ವಿಚಾರವಾಗಿ "ಇವತ್ತಿನ ಆಟ ಲೈವ್ ಉಂಟಾ?" ಎಂದು ವಿಚಾರಿಸುತ್ತಾರೆ. ಆದರೆ ಚುನಾವಣೆ ಬಂದಿತೆಂದರೆ ಪತ್ರಿಕೆಗಳ ತುಂಬ ಅದೇ ಶಬ್ದ: ಇಷ್ಟು ಮತಗಟ್ಟೆಗಳಲ್ಲಿ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಮಾಡಲಾಗಿದೆ ಎಂದು. ಮತಗಟ್ಟೆಯ ಮೂಲೆಯಲ್ಲಿ ನಿಲ್ಲಿಸಿದ ಆ ಕ್ಯಾಮೆರಾದ ಚಿತ್ರವು ಜಿಲ್ಲಾಧಿಕಾರಿಗಳ ಕಚೇರಿಯ ನಿಯಂತ್ರಣ ಕೊಠಡಿಗೂ ಅದರ ಮೇಲಿನ ಅಧಿಕಾರಿಗಳಿಗೂ ಹೋಗುತ್ತದೆಯೇ ಹೊರತು ಸಾರ್ವಜನಿಕರಿಗೆ ಕಾಣುವುದಿಲ್ಲ. ಅಗಲವಾಗಿ ಎರಚುವುದೆಂಬ ಅರ್ಥದಿಂದ ಹೊರಟ ಶಬ್ದವು ಕೆಲವೇ ಕಣ್ಣುಗಳ ಕಾವಲಿಗೆ ಹೆಸರಾಗಿ ನಿಂತಿದೆ.

ನ್ಯಾಯಾಲಯಗಳದು ಇನ್ನೊಂದು ಬಗೆ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲಾಪಗಳ ನೇರಪ್ರಸಾರವನ್ನು ತಾತ್ತ್ವಿಕವಾಗಿ ಒಪ್ಪಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಅದಕ್ಕೆ ತನ್ನವೇ ನಿಯಮಗಳನ್ನು ಮಾಡಿಕೊಂಡು 2022ರ ಜನವರಿ 1ರಿಂದ ಜಾರಿಗೆ ತಂದಿತು. ಸರ್ವೋಚ್ಚ ನ್ಯಾಯಾಲಯದ ಇ-ಸಮಿತಿಯು 2021ರಲ್ಲಿ ಸಿದ್ಧಪಡಿಸಿದ ಮಾದರಿ ನಿಯಮಗಳಲ್ಲಿ, ಆಡಬಾರದ ಮಾತೊಂದು ಹೊರಬಿದ್ದರೆ ತಡೆಯಲು ಅವಕಾಶವಿರಲೆಂದು, ಪ್ರಸಾರಕ್ಕೆ ಹತ್ತು ನಿಮಿಷಗಳ ವಿಳಂಬವನ್ನು ವಿಧಿಸಿದ್ದಾರೆ. ತಿಳಿದೂ ತಿಳಿದೂ ಹತ್ತು ನಿಮಿಷ ಹಿಂದಿರಿಸಿದ್ದು ಶಾಸನದ ದೃಷ್ಟಿಯಲ್ಲಿ ನೇರವೇ. ಇಂಥಲ್ಲಿ "ನೇರ"ವೆಂಬುದು ಕಾಲದ ಅಳತೆಯಾಗಿ ಉಳಿದಿಲ್ಲ. ಯಾರೂ ಕತ್ತರಿಸಿ ಜೋಡಿಸದೆ ಕೊಟ್ಟದ್ದು ಎಂಬ ಭರವಸೆಯಾಗಿದೆ.

ನೇರಪ್ರಸಾರದ ಮಾತು ಬಂದಾಗಲೆಲ್ಲ ಸಭೆಗಳಲ್ಲಿ ಯಾರಾದರೊಬ್ಬರು ಎದ್ದು, ಧೃತರಾಷ್ಟ್ರನಿಗೆ ಯುದ್ಧವನ್ನು ವರ್ಣಿಸಿದ ಸಂಜಯನೇ ಈ ವಿದ್ಯೆಯ ಆದ್ಯನೆಂದು ಹೇಳುವುದುಂಟು. ಭೀಷ್ಮಪರ್ವವನ್ನು ತೆರೆದು ಓದಿದವರು ಹೀಗೆ ಹೇಳಲಾರರು. ಅಲ್ಲಿ ಸಂಜಯನು ರಣರಂಗದಿಂದ ಹಿಂದಿರುಗಿ ಬಂದು ಮೊದಲು ತಿಳಿಸುವುದು ಭೀಷ್ಮನು ಬಿದ್ದ ವಾರ್ತೆಯನ್ನು. ಆಗಲೇ ಹತ್ತು ದಿನಗಳ ಯುದ್ಧ ಕಳೆದಿದೆ. ಧೃತರಾಷ್ಟ್ರನು ಕೇಳಿದ ಮೇಲೆ ಆತನು ಆರಂಭಕ್ಕೆ ಮರಳಿ ಎಲ್ಲವನ್ನೂ, ಗೀತೆಯನ್ನೂ ಸಹ, ಹೇಳುತ್ತಾನೆ. ಪುರಾಣದ ಆ ದಿವ್ಯದೃಷ್ಟಿಯು ಮುದ್ರಿತ ಕಾರ್ಯಕ್ರಮವನ್ನು ಕೊಟ್ಟಿತೇ ಹೊರತು ನೇರಪ್ರಸಾರವನ್ನಲ್ಲ.

ಹಾಗಾದರೆ ಜಾಲದಲ್ಲಿ ನಿಜವಾಗಿ ನೇರವಾದದ್ದು ಯಾವುದೂ ಇಲ್ಲವೇ? ಉಂಟು, ಅದು ನಾವು ನಿತ್ಯ ಮಾಡುವ ಕರೆ. ಮಾತನಾಡುವಾಗ ಅರ್ಧ ಸೆಕೆಂಡು ತಡವಾದರೂ ಇಬ್ಬರ ಮಾತುಗಳೂ ಒಂದರ ಮೇಲೊಂದು ಬೀಳುತ್ತವೆ. ಆದುದರಿಂದ ಕರೆಯ ಪೊಟ್ಟಣಗಳು ಕಳೆದುಹೋದರೆ ಅವಕ್ಕಾಗಿ ಕಾಯದೆ, ಒಂದೆರಡು ಅಕ್ಷರ ಕರಕರವೆಂದರೂ ಸರಿ ಎಂದು ಮುಂದೆ ಸಾಗುತ್ತಾರೆ. ಪ್ರಸಾರವು ಒಂದು ಚುಕ್ಕೆಯೂ ಕಳೆಯಬಾರದೆಂದು ಕಾಲವನ್ನು ಬಿಟ್ಟುಕೊಡುತ್ತದೆ; ಕರೆಯು ಕಾಲ ಕಳೆಯಬಾರದೆಂದು ಚುಕ್ಕೆಗಳನ್ನು ಬಿಟ್ಟುಕೊಡುತ್ತದೆ.

ಈ ಭೇದವನ್ನು ನನ್ನ ಚಿಕ್ಕಪ್ಪನವರು ತಮ್ಮದೇ ರೀತಿಯಲ್ಲಿ ಕಂಡುಕೊಂಡರು. ಮೊಮ್ಮಗಳ ಮದುವೆ ಮೈಸೂರಿನಲ್ಲಿ. ಮಂಡಿನೋವಿನಿಂದಾಗಿ ಅವರು ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿಯೇ ಉಳಿಯಬೇಕಾಯಿತು. ಲಗ್ನಪತ್ರಿಕೆಯ ಕೆಳಗೆ ಅಚ್ಚುಮಾಡಿಸಿದ್ದ ಲೈವ್ ಲಿಂಕನ್ನು ಮಗನು ಟೀವಿಗೆ ಹಾಕಿಕೊಟ್ಟಿದ್ದನು. ಅಲ್ಲಿ ಅದು ನಡುರಾತ್ರಿ. ಚಿಕ್ಕಪ್ಪನವರು ಶಲ್ಯ ಹೊದ್ದು, ಬಟ್ಟಲಿನಲ್ಲಿ ಅಕ್ಷತೆ ಇಟ್ಟುಕೊಂಡು ಕುಳಿತರು. ಇತ್ತ ಮಂಟಪದ ಬಳಿ ನಿಂತಿದ್ದ ನಮ್ಮ ಚಿಕ್ಕಮ್ಮನವರು, ಟೀವಿ ಸರಿಯಾಗಿ ಕಾಣುತ್ತಿದೆಯೋ ಇಲ್ಲವೋ ಎಂಬ ಆತಂಕದಿಂದ ಮೊಬೈಲಿನಲ್ಲಿ ಅವರಿಗೆ ಕರೆ ಮಾಡಿ ಹಾಗೆಯೇ ಹಿಡಿದುಕೊಂಡಿದ್ದರು. "ಗಟ್ಟಿಮೇಳ, ಗಟ್ಟಿಮೇಳ" ಎಂಬ ಕೂಗೂ ಅದರ ಹಿಂದೆಯೇ ಡೋಲು ನಾಗಸ್ವರಗಳ ಅಬ್ಬರವೂ ಕರೆಯಲ್ಲಿ ಚಿಕ್ಕಪ್ಪನವರ ಕಿವಿಗೆ ಬಿದ್ದಾಗ, ಎದುರಿನ ಟೀವಿಯಲ್ಲಿ ಪುರೋಹಿತರು ಮಾಂಗಲ್ಯದ ತಟ್ಟೆಯನ್ನು ಇನ್ನೂ ಸಭೆಯವರಿಗೆ ಮುಟ್ಟಿಸುತ್ತ ನಿಧಾನವಾಗಿ ಬರುತ್ತಿದ್ದರು. ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಚಿಕ್ಕಪ್ಪನವರು ಕ್ಷಣಕಾಲ ತಡವರಿಸಿದರಂತೆ. ಅನಂತರ ಕಿವಿಯನ್ನು ನಂಬಿ ಒಂದು ಮುಷ್ಟಿಯನ್ನು ಎರಚಿದರು. ಟೀವಿಯಲ್ಲಿ ತಾಳಿ ಬಿದ್ದಾಗ ಕಣ್ಣನ್ನು ನಂಬಿ ಇನ್ನೊಂದು ಮುಷ್ಟಿಯನ್ನು ಎರಚಿದರು. ಮರುದಿನ ಸೊಸೆಯು ಟೀವಿಯ ಕೆಳಗಿನ ಅಕ್ಕಿಯನ್ನು ಗುಡಿಸುವಾಗ, ಎರಡರಲ್ಲಿ ಯಾವುದು ಮುಹೂರ್ತದ್ದು ಮಾವ ಎಂದು ಕೇಳಿದಳಂತೆ.